ಅರ್ಕಾವತ್ತು

ಶರ್ಮಿಷ್ಠಾ ಅಂತ ಹೆಸರಿಟ್ಟವರು ಅಪ್ಪ,
ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು.
ಒತ್ತಕ್ಷರವೆಂದರೆ ಅವರಿಗೆ ಒಡವೆ.
ನನಗೆ ನನ್ನ ಹೆಸರೇ
ಏಳನೇ ಕ್ಲಾಸಿನ ತನಕ
ಬಾಯಿಗೆ ಬಂತು, ಕೈಗೆ ಬರಲಿಲ್ಲ.

ಅರ್ಕಾವತ್ತು ನೋಡಿ:
ನಾಲಗೆಯಲ್ಲಿ ಮೊದಲು, ಹಾಳೆಯ ಮೇಲೆ ಆಮೇಲೆ.
ಯಾಕೆ ಮಿಸ್, ಅಂದೆ.
ರೂಢಿ, ಅಂದರು ಇಂದ್ರಾಣಿ ಮಿಸ್.
ನಾನು ಪ, ಷ ಅದಲುಬದಲು ಮಾಡಿದರೆ ಮಾತ್ರ
ಅದು ರೂಢಿಯಲ್ಲ, ದಡ್ಡತನ.
ನೋಟ್‌ಬುಕ್ಕಿನ ಅಂಚಿಗೆ ಕೆಂಪು ಶಾಯಿ:
ಗಮನವಿಲ್ಲ, ಗಮನವಿಲ್ಲ.
ಇಷ್ಟು ಗಮನವಿಟ್ಟು ಯಾರೂ ಏನನ್ನೂ ನೋಡಿರಲಾರರು
ಮಿಸ್,
ನಾನು ಆ ಷ-ವನ್ನು ನೋಡಿದಷ್ಟು.

ಮೆಜೆಸ್ಟಿಕ್ಕಿನಲ್ಲಿ ಪಕ್ಕದವರನ್ನು ಕೇಳಿ ಬಸ್ಸು ಹತ್ತುತ್ತಿದ್ದೆ,
ಕನ್ನಡಕ ಮನೇಲಿ ಮರೆತೆ ಅಂತ ಸುಳ್ಳು ಹೇಳಿ.
ಇಲ್ಲದ ಕನ್ನಡಕವನ್ನು ಹದಿನೈದು ವರ್ಷ ಮರೆತೆ.

ರಾಜಾಜಿನಗರದಲ್ಲಿ, ಸೀರೆಗೆ ಫಾಲ್ಸ್ ಹಾಕುವ ಅಂಗಡಿಯ ಮೇಲೆ
ಕಂಪ್ಯೂಟರ್ ಕ್ಲಾಸು.
ಮೊದಲ ದಿನವೇ ಒಂದು ಅರ್ಧವಿರಾಮ ಬಿಟ್ಟಿದ್ದೆ.
ಯಂತ್ರ ಹೇಳಿತು: ಹದಿನಾಲ್ಕನೇ ಸಾಲು.
ಅಷ್ಟೇ.
ಕಿವಿ ಹಿಂಡಲಿಲ್ಲ,
ಮುಂದಿನ ಬೆಂಚಿನ ಹುಡುಗಿಯನ್ನು ತೋರಿಸಲಿಲ್ಲ.
ಸರಿಮಾಡಿದೆ. ಹದಿನೇಳನೇ ಸಾಲು, ಅಂತು.
ರಾತ್ರಿ ಎಂಟರವರೆಗೆ ಹೀಗೇ ಮಾತಾಡಿಕೊಂಡಿದ್ದೆವು.
ಅಷ್ಟೊಂದು ತಪ್ಪು ಮಾಡಿ ಅಷ್ಟು ಹಗುರಾಗಿ
ಮನೆಗೆ ಹೋಗಿದ್ದು ಅದೇ ಮೊದಲು.

ಈಗ ಬೆಳ್ಳಂದೂರಿನಲ್ಲಿ ಕೆಲಸ,
ಬೇರೆಯವರ ತಪ್ಪು ಹುಡುಕುವುದು.
ಸರಾಗ ಓದುವವರು ಜಾರಿಹೋಗುತ್ತಾರೆ,
ಇರಬೇಕಾದ್ದನ್ನು ಕಂಡು ಇರುವುದನ್ನು ದಾಟುತ್ತಾರೆ.
ನನಗೆ ಜಾರಲು ಬರುವುದಿಲ್ಲ.
ನೀರು ನಿಂತ ರಿಂಗ್ ರೋಡನ್ನು
ಕಾಲಲ್ಲಿ ತಡವಿ ತಡವಿ ದಾಟುವ ಹಾಗೆ
ಒಂದೊಂದೇ ಅಕ್ಷರ.
ಹೋದ ಮಂಗಳವಾರ
ಒಂದರ ಜಾಗದಲ್ಲಿ ಸಾಚಾನಂತೆ ಕೂತಿದ್ದ
ಇಂಗ್ಲಿಷಿನ ಸಣ್ಣ ಎಲ್ ಸಿಕ್ಕಿತು.
ನಾಲ್ಕು ಜನ ನೋಡಿ ಸರಿಯಿದೆ ಅಂದಿದ್ದರು.

ವರ ಅನ್ನಬೇಡಿ ಇದನ್ನು.
ಬರೆದ ಮೇಲನ್ನು ಮೂರು ಸಲ
ಇಯರ್‌ಫೋನಿನಲ್ಲಿ ಕೇಳಿಸಿಕೊಂಡು ಕಳಿಸುತ್ತೇನೆ,
ಕಳಿಸಿದ ಮೇಲೂ ಅಂಗೈ ಬೆವರುತ್ತದೆ.

ಮೊನ್ನೆ ಹೊಸ ಮ್ಯಾನೇಜರ್ ದೇವಯ್ಯ ಮಾರ್ಕರ್ ಚಾಚಿ
ಬೋರ್ಡ್ ಮೇಲೆ ಬರೀರಿ, ಅಂದ.
ಕನ್ನಡಕ ನಾಲಗೆಯ ತುದಿಗೆ ಬಂದಿತ್ತು.
ನುಂಗಿಕೊಂಡೆ.
ನಂಗೆ ಅಕ್ಷರ ನಿಧಾನ,
ನೀವು ಬರೀರಿ, ನಾನು ಹೇಳ್ತೀನಿ.

ಕೋಣೆಯಲ್ಲಿ ಎಸಿಯ ಸದ್ದು.
ಮುಚ್ಚಳ ತೆಗೆದು ಅವನೇ ಬರೆದ.
ಎರಡನೇ ಸಾಲಲ್ಲಿ ಒಂದು ಕಂಸ ಮುಚ್ಚಿರಲಿಲ್ಲ.
ಕಿವಿ ಹಿಂಡಬಹುದಿತ್ತು.

ಎರಡನೇ ಸಾಲು, ಅಂದೆ.
ಅಷ್ಟೇ.