ಶಿರ್ವ ರಸ್ತೆಯ ಅಡೇನಿಯಂ

ಪತ್ತನಾಜೆ ಕಳೆದ ಮರುದಿನವೇ ಒಳಗಿಡಬೇಕು,
ನಲ್ವತ್ತಾರು ಕುಂಡ.
ಒಂದೊಂದನ್ನೂ ಸೊಂಟಕ್ಕಾನಿಸಿ ಹೊರುತ್ತೇನೆ.
ಕೂಸಿನ ಹಾಗೆ ಅಂತ ಹೇಳಲಾರೆ,
ಕೂಸು ಇಷ್ಟು ಸುಮ್ಮನಿರುವುದಿಲ್ಲ.

ಡೊಳ್ಳು ಹೊಟ್ಟೆ, ಮೇಲೆ ನಾಲ್ಕು ಬೋಳು ಕೈ.
ಎಲೆ ಬರುವ ಮೊದಲೇ ಹೂ,
ನಾಚಿಕೆಯಿಲ್ಲದ ಗುಲಾಬಿ ಬಣ್ಣ.
ಕಾರು ನಿಲ್ಲಿಸಿ ಕೇಳುತ್ತಾರೆ:
'ಪ್ಲಾಸ್ಟಿಕ್ಕಾ?'

ಒಯ್ದವರು ಆಟಿಯಲ್ಲಿ ವಾಪಸು ತರುತ್ತಾರೆ.
ಬುಡ ಒತ್ತಿದರೆ ಬೆರಳು ಒಳಗೆ ಹೋಗುತ್ತದೆ,
ಹಣ್ಣಾಗಿ ಬಿದ್ದ ಜೀಗುಜ್ಜೆಯ ಹಾಗೆ.
'ದಿನಾ ನೀರು ಹಾಕಿದ್ದೆವಲ್ಲ' ಅನ್ನುತ್ತಾರೆ.
ಅದೇ, ಅನ್ನುತ್ತೇನೆ.
ಬೇರೆ ಮಾತು ಸಿಕ್ಕುವುದಿಲ್ಲ.

ಇದ್ದಿನಬ್ಬ ಬ್ಯಾರಿಗಳು ಏನೂ ಕೊಳ್ಳುವವರಲ್ಲ.
ಕಟಪಾಡಿ ಬಸ್ಸು ತಪ್ಪಿದ ದಿನ ಬಂದು
ಗೊಬ್ಬರದ ಚೀಲದ ಮೇಲೆ ಕೂರುತ್ತಾರೆ.
ಸಲಾಲದಲ್ಲಿ ಹತ್ತೊಂಬತ್ತು ವರ್ಷ
ನೀರಿನ ಟ್ಯಾಂಕರು ಓಡಿಸಿದವರು.
ಒಮ್ಮೆ ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ನಕ್ಕರು,
ನೆಂಟನನ್ನು ಪೊಲೀಸು ಠಾಣೆಯಲ್ಲಿ ಕಂಡವರ ಹಾಗೆ.

'ಇದನ್ನು ಕುಂಡದಲ್ಲಿ ಇಡುವುದಾ ಮಾರಾಯ್ತಿ?
ಅಲ್ಲಿ ಬಂಡೆಯ ಸೀಳಿನಲ್ಲಿ ಕಾಲೂರಿ ನಿಲ್ಲುತ್ತದೆ,
ಮಣ್ಣು ಎಂಬುದು ಒಂದು ಮುಷ್ಟಿ ಇಲ್ಲ.
ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ, ಹಾಲು ವಿಷ.
ನನ್ನ ಟ್ಯಾಂಕರು ಸೋರಿದರೂ ಈ ಜಾತಿ ತಲೆ ತಿರುಗಿಸಿದ್ದಿಲ್ಲ.
ವರ್ಷವಿಡೀ ಹೊಟ್ಟೆಯಲ್ಲಿದ್ದದ್ದನ್ನೇ ನೊಣೆದುಕೊಂಡು...'

ಮತ್ತೆ ಮಳೆ? ಕೇಳಿದೆ.

'ಮಳೆ ಎಂತದ್ದು, ಮಂಜು.
ನಮಗೆ ಮಳೆಗಾಲ ಇರುವ ಅದೇ ತಿಂಗಳು
ಕಡಲಿನಿಂದ ಗಾಳಿ ಬಂದು ಗುಡ್ಡಕ್ಕೆ ಒರಗುತ್ತದೆ.
ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದಷ್ಟು.
ಅಷ್ಟು ಕೊಟ್ಟು, ಉಳಿದದ್ದೆಲ್ಲ ಹೊತ್ತುಕೊಂಡು
ಇಲ್ಲಿಗೆ ಬರುತ್ತದೆ ನೋಡು,
ನಿನ್ನ ಟರ್ಪಾಲು ಹರಿಯಲಿಕ್ಕೆ.'

ಬಸ್ಸು ಬಂತು. ಹೋದರು.

ಈ ವರ್ಷ ನಲ್ವತ್ತೈದು ಒಳಗಿಟ್ಟೆ.
ಒಂದನ್ನು, ಒಡೆದ ಕುಂಡದ್ದು, ಯಾರೂ ಕೊಳ್ಳದ್ದು,
ಹಿಂದಿನ ಕೆಂಪುಕಲ್ಲಿನ ಕೋರೆಯ ಅಂಚಿಗೆ ಒಯ್ದು
ಕಲ್ಲು ಬಿರಿದ ಕಡೆ ಸಿಕ್ಕಿಸಿ ಬಂದೆ.
ಧಣಿ ಲೆಕ್ಕ ಕೇಳಿದರೆ ಕೊಳೆಯಿತು ಎನ್ನಬೇಕು.
ಕೊಳೆಯಲೂಬಹುದು.

ಈಗ ರಾತ್ರಿ. ಪಡುಗಾಳಿ ಎದ್ದಿದೆ,
ಹನಿ ಇನ್ನೂ ಬಿದ್ದಿಲ್ಲ.
ತಗಡು ಒಂದೇ ಸಮ ಬಡಿಯುತ್ತಿದೆ.
ಟಾರ್ಚು ಹುಡುಕಿ ಬಾಗಿಲವರೆಗೆ ಹೋಗಿ ನಿಂತೆ.
ಕೈಯಲ್ಲಿ ಆ ಹಾಲಿನ ಅಂಟು ಇನ್ನೂ ಇದೆ,
ಎರಡು ಸಲ ಸೋಪು ಹಾಕಿದರೂ.