ತೊಂಬತ್ತಾರನೇ ಪುಟ

ಶನಿವಾರ ನಾಲ್ಕಕ್ಕೆ, ಭದ್ರಾವತಿ ಜನ್ನಾಪುರದ ಶಾಖಾ ಗ್ರಂಥಾಲಯದಲ್ಲಿ
‘ಮಾದಕ ವಸ್ತು, ಅಪರಾಧ ಮತ್ತು ಪತ್ತೇದಾರಿ ಕಾದಂಬರಿ’.
ಬ್ಯಾನರಿನಲ್ಲಿ ‘ಮಾದಕ’ ಹೋಗಿ ‘ಮೋದಕ’ ಆಗಿತ್ತು;
ತಪ್ಪಿನ ಮೇಲೆ ನಾನೇ ಬಿಳಿ ಕಾಗದ ಅಂಟಿಸಿದೆ.
ಕುರ್ಚಿ ನಲವತ್ತು. ಜನ ಹನ್ನೊಂದು,
ಅದರಲ್ಲಿ ಇಬ್ಬರು ಪೇಪರು ಓದಲು ಬಂದು ಸಿಕ್ಕಿಬಿದ್ದವರು.

ಮೊದಲು ಅಬಕಾರಿ ಇನ್ಸ್‌ಪೆಕ್ಟರ್ ರೇವಣಸಿದ್ದಪ್ಪ.
ಶುಂಠಿ ಹೊಲದ ನಡುವೆ ಬೆಳೆದ ಗಾಂಜಾ,
ತೂಕ, ಸೆಕ್ಷನ್ನು, ಜಾಮೀನು ಸಿಗದ ಲೆಕ್ಕ.
ಪ್ಯಾಕೆಟ್ಟೊಂದನ್ನು ಎತ್ತಿ ಹಿಡಿದು
‘ಮೂಸಬೇಡಿ, ಬರೀ ಮಾದರಿ, ಒಣ ಕರಿಬೇವು’ ಅಂದರು.
ಎಲ್ಲರೂ ನಕ್ಕರು.
ಹಿಂದಿನ ಸಾಲಿನ ಚೂಡಾಮಣಿ ನಗಲಿಲ್ಲ;
ಕೊರಳಲ್ಲಿ ಟೇಪು ಹಾಗೇ ಇತ್ತು,
ಅರ್ಧ ಹೊಲಿದ ರವಿಕೆ ಬಿಟ್ಟು ಬಂದವಳು.

ಆಮೇಲೆ ಲೇಖಕರು. ಮನೆಯಲ್ಲಿ ಗಂಗಣ್ಣ, ಮುಖಪುಟದಲ್ಲಿ ‘ಶಮಂತ್’.
ನೂರಾ ಹನ್ನೆರಡು ಕಾದಂಬರಿ,
ಒಂದೊಂದರಲ್ಲೂ ಕಡಿಮೆಯೆಂದರೆ ಒಂದು ಹೆಣ.
‘ಹದಿನಾರು ಪುಟದ ಫಾರಂ, ಅಂಥವು ಆರು.
ತೊಂಬತ್ತಾರನೇ ಪುಟದಲ್ಲಿ ಕೊಲೆಗಾರ ಸಿಗಲೇಬೇಕು.
ನ್ಯಾಯಕ್ಕಲ್ಲ ಸ್ವಾಮಿ, ಕಾಗದ ಮುಗೀತಲ್ಲ, ಅದಕ್ಕೆ.
ಅದೂ ನಿಮ್ಮೂರ ಕಾಗದವೇ’ ಎಂದು
ಕಿಟಕಿಯಾಚೆ, ಹೊಗೆ ಬಿಡದ ಚಿಮಣಿಯ ಕಡೆ ಕೈ ತೋರಿಸಿದರು.

ಆಗ ಪುಟ್ಟಾಚಾರ್ ಎದ್ದು ನಿಂತರು:
‘ಅದೇ ಪುಟ ಇಲ್ಲಿ ಇಲ್ವಲ್ಲ!
ನಿಮ್ಮ ಮೂವತ್ತು ಚಿಲ್ಲರೆ ಪುಸ್ತಕ ಓದಿದೀನಿ,
ಒಬ್ಬ ಕೊಲೆಗಾರನೂ ಗೊತ್ತಿಲ್ಲ ನಂಗೆ. ಎಲ್ಲಾ ಹರಿದಿದೆ.’
ಎಲ್ಲರ ಕಣ್ಣೂ ನನ್ನ ಮೇಲೆ.
ಹಾನಿ ರಿಜಿಸ್ಟರು ತೆಗೆದು ಓದಿದೆ: ‘ಇಲಿ ತಿಂದಿದೆ.’
ನನ್ನದೇ ಅಕ್ಷರ. ಮೂವತ್ತೇಳು ಸಾಲು.

ಎಂಥ ಇಲಿ ಅದು,
ಕೊನೆಯ ಹಾಳೆಯೊಂದನ್ನೇ, ಹೊಲಿಗೆಯ ಗುಂಟ, ನೇರ ತಿನ್ನುವುದು?

ಇಲಿಗೆ ಹತ್ತೊಂಬತ್ತು ವಯಸ್ಸು. ನೀಲಿ ಅಂಗಿ.
ಮಧ್ಯಾಹ್ನ ಎರಡಕ್ಕೆ ಬಂದು ಫ್ಯಾನಿನ ಕೆಳಗೆ ಕೂರುತ್ತಿತ್ತು.
ಪೂರ್ತಿ ಓದಿ ಮುಗಿಸಿಯೇ ಹರಿಯುತ್ತಿತ್ತು;
ಕೊಲೆಗಾರರೆಲ್ಲರ ಹೆಸರು
ಊರಲ್ಲಿ ಗೊತ್ತಿದ್ದುದು ಅದಕ್ಕೊಂದಕ್ಕೇ.
‘ತೆಳು ಕಾಗದ ಸಾರ್, ಚೆನ್ನಾಗಿ ಸುತ್ಬಹುದು’
ಹಿಂದಿನ ನಲ್ಲಿಯ ಹತ್ತಿರ ಒಮ್ಮೆ ನನಗೇ ಹೇಳಿತ್ತು,
ಕಣ್ಣು ಕೆಂಪು, ಮಾತು ಬಲು ಮೆತ್ತಗೆ.
ನಾನೇನು ಪೊಲೀಸನೇ?
ಲೈಟು ಆರಿಸುವವನು, ಬೀಗ ಹಾಕುವವನು.
ಗೊತ್ತಿದ್ದೂ ಗೊತ್ತಿಲ್ಲದಿರುವುದು
ದಿನಗೂಲಿಯವನ ಕೆಲಸದಲ್ಲೇ ಸೇರಿದೆ.
ಬರೆದೆ: ಇಲಿ.

ಪುಟ್ಟಾಚಾರ್ ಬಿಡಲಿಲ್ಲ:
‘ಸರಿ, ಈಗ ನೀವೇ ಹೇಳಿ. ಆ ಸೇತುವೆ ಕೆಳಗಿನ ಸೂಟ್‌ಕೇಸಿನ ಕತೆ,
ಕೊಂದೋರು ಯಾರು?’
ಲೇಖಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು.
‘ಅಣ್ಣನೋ… ಔಷಧಿ ಅಂಗಡಿಯವನೋ…
ಹೆಣ ನೆನಪಿದೆ. ಹಸಿರು ಸ್ವೆಟರ್ ಹಾಕಿತ್ತು.’

‘ಅದನ್ನ ಹೆಣೆದೋರು ಯಾರು?’
ಚೂಡಾಮಣಿ. ಕೂತಲ್ಲಿಂದಲೇ. ಮೈಕು ಬೇಡವೆಂದಳು.
‘ತೋಳಿನ ಅಳತೆ ಯಾರಾದ್ರೂ ತಗೊಂಡಿರ್ತಾರಲ್ಲ,
ಅವರು ಯಾವ ಪುಟದಲ್ಲಿ ಬರ್ತಾರೆ?’

ಫ್ಯಾನಿನ ಸದ್ದು.
ಇನ್ಸ್‌ಪೆಕ್ಟರು ಕರಿಬೇವನ್ನು ಜೇಬಿಗೆ ಹಾಕಿಕೊಂಡರು.
ಬಹಳ ಹೊತ್ತಿನ ಮೇಲೆ ಗಂಗಣ್ಣ
‘ಬರೋದಿಲ್ಲಮ್ಮ’ ಅಂದರು. ‘ಅವರಿಗೆ ಜಾಗ ಇಟ್ಟಿರಲಿಲ್ಲ.’

ವಂದನಾರ್ಪಣೆ, ಖಾರಾಬೂಂದಿ, ಟೀ.
ಎಲ್ಲ ಹೋದ ಮೇಲೆ ಅವಳು ನನ್ನ ಮೇಜಿನ ಮೇಲೆ
ಗುಂಡಿ ಹಾಕಿಡುವ ಡಬ್ಬಿಯೊಂದನ್ನು ಇಟ್ಟಳು.
ಗುಂಡಿಯಿಲ್ಲ. ಸುಟ್ಟ ತುಂಡುಗಳು, ಕಿರುಬೆರಳಿನ ಉಗುರಿನಷ್ಟಷ್ಟೇ.
‘ಲೋಹಿತನ ಹಾಸಿಗೆ ಕೆಳಗಿತ್ತು. ನಿಮ್ಮದಂತೆ.
ವಾಪಸ್ ಕೊಟ್ಬಿಡು ಅಂದ, ಶಿವಮೊಗ್ಗದ ವಾರ್ಡಲ್ಲಿ ಮಲಗಿ.
ದಂಡ ಎಷ್ಟಾಗತ್ತೆ?’

ಒಂದನ್ನು ಬಿಡಿಸಿದೆ. ಒಂದೇ ಸಾಲು ಉಳಿದಿತ್ತು:
‘ಕೊಂದದ್ದು ಬೇರೆ ಯಾರೂ ಅಲ್ಲ, ಈ’
ಅಲ್ಲಿಂದ ಮುಂದೆ ಕಪ್ಪು.

ರಿಜಿಸ್ಟರು ತೆರೆದು
ಕೆಂಪು ಪೆನ್ನು ಹುಡುಕತೊಡಗಿದೆ. ಯಾವ ಖಾನೆಯಲ್ಲೂ ಇಲ್ಲ.
ಅವಳು ಪರ್ಸು ಬಿಚ್ಚಿ
ಚಿಲ್ಲರೆ ಎಣಿಸುತ್ತಿದ್ದಳು.