ಅಳತೆಯ ಬಳೆ

ಅಡುಗೆಮನೆ ಬಾಗಿಲ ಹಿಂದೆ ಇನ್ನೂ ಅಂಟಿಕೊಂಡಿದೆ
ಹೋದ ವರ್ಷದ ಉಬ್ಬರ ಇಳಿತದ ಪಟ್ಟಿ.
ಯಾರೂ ಕಿತ್ತಿಲ್ಲ. ನಾನೂ.
ಅಜ್ಜಿ ದೊಸಿಂದಾ ಅದನ್ನು ಓದಿದವಳಲ್ಲ ಅನ್ನಿ;
ಬಲೆ ಅಂಗಡಿಯವನು ಪುಕ್ಕಟೆ ಕೊಟ್ಟದ್ದು, ಹಲಗೆಯ ಬಿರುಕು ಮುಚ್ಚುತ್ತಿತ್ತು.
ನೀರು ಯಾವಾಗ ಇಳಿಯುತ್ತದೆಂದು
ಅವಳ ಮೊಣಕಾಲಿಗೆ ಗೊತ್ತಿತ್ತು.

ತೊಂಬತ್ತೇಳು ವರ್ಷ.
ಅದರಲ್ಲಿ ಎಪ್ಪತ್ತು, ಸೊಂಟ ಬಗ್ಗಿಸಿಯೇ,
ಗಲೀಸಿಯಾದ ಈ ಕೊಲ್ಲಿಯ ಬೂದು ಮರಳಲ್ಲಿ
ಮರುವಾಯಿ ಕೆದಕುತ್ತ.
ಅವಳು ನೆಟ್ಟಗೆ ನಿಂತ ಫೋಟೋ ಎರಡೇ ಎರಡು:
ಒಂದು ಮದುವೆಯದು,
ಇನ್ನೊಂದು ಪಿಂಚಣಿ ಅರ್ಜಿಯದು.
ಎರಡರಲ್ಲೂ ಒಂದೇ ರವಿಕೆ.

ಮೂರು ವರ್ಷಕ್ಕೆಂದು ಮಾಂಟೆವಿಡಿಯೋಗೆ ಹೋದ ತಾತ ಎಲಾದಿಯೋ
ಹನ್ನೊಂದಕ್ಕೆ ಬಂದ,
ಒಂದು ಗೋಡೆ ಗಡಿಯಾರ, ಒಂದು ಕೆಮ್ಮು ಹೊತ್ತು.
ಎಲೆಕೋಸಿನ ಸಾರು ಮುಂದಿಟ್ಟಳು,
"ಉಪ್ಪು ಬೇಕಿದ್ದರೆ ಅಲ್ಲಿದೆ" ಎಂದಳು,
ಬಕೆಟ್ಟು ತಲೆಗೇರಿಸಿ ಹೊರಟುಬಿಟ್ಟಳು.
ನೀರು ಇಳಿಯುತ್ತಿತ್ತಲ್ಲ, ಅದು ಯಾರ ಗಂಡನಿಗೂ ಕಾಯುವುದಿಲ್ಲ.
ಆ ಗಡಿಯಾರಕ್ಕೆ ಒಮ್ಮೆಯೂ ಕೀಲಿ ಕೊಡಲಿಲ್ಲ.
ಇವತ್ತಿಗೂ ಅದರಲ್ಲಿ ನಾಲ್ಕೂ ಹತ್ತು.
ಇದು ಸಿಟ್ಟೋ, ಕ್ಷಮೆಯೋ,
ನನ್ನ ಅಮ್ಮ ಮಾರುಶಾಗೂ ತಿಳಿಯದು.
ಆಮೇಲೆ ಆರು ವರ್ಷ, ರಾತ್ರಿ ರಾತ್ರಿ,
ಅವನ ಎದೆಗೆ ನೀಲಗಿರಿ ಎಲೆಯ ಶಾಖ ಕೊಟ್ಟವಳೂ ಅವಳೇ.

ನಾಲ್ಕು ಹೆತ್ತಳು, ಮೂರು ಉಳಿದವು.
ಉಳಿಯದ ಒಂದರ ಹೆಸರು ನಮಗೆ ಹೇಳಲಿಲ್ಲ;
ಆದರೆ ನವೆಂಬರಿನಲ್ಲಿ ಗೋರಿಗಳಿಗೆ ಸೇವಂತಿಗೆ ಇಡುವಾಗ
ಒಂದು ಹೂ ಹೆಚ್ಚಿರುತ್ತಿತ್ತು ಯಾವಾಗಲೂ.
ನಿನ್ನ ನರ್ಸಿಂಗ್ ಓದಿಗೆ ಎಷ್ಟು ಬಕೆಟ್ ಚಿಪ್ಪು ಹಿಡಿಯಿತು ಎಂದು
ಅಮ್ಮನನ್ನು ಕೇಳಿದೆ ಒಂದು ಸಲ.
ಅವಳೂ ಕೇಳಿದ್ದಳಂತೆ.
"ಎಣಿಸಿದ್ದರೆ ಮಾರುತ್ತಿದ್ದೆ, ಕೊಡುತ್ತಿರಲಿಲ್ಲ"
ಅಂದಿದ್ದಳಂತೆ ಅಜ್ಜಿ.

ರಜೆಗೆ ಬಂದ ಮೊಮ್ಮಕ್ಕಳಿಗೆ ಬೆಳಗಿನ ನಿದ್ದೆ ಇಲ್ಲ.
ರಬ್ಬರು ಬೂಟಿನೊಳಗೆ ಹಳೇ ಪತ್ರಿಕೆ ತುರುಕಿ
ಮಂಜಿನಲ್ಲಿ ಸಾಲಾಗಿ ನಡೆಸುತ್ತಿದ್ದಳು, ಬಾತುಗಳ ಹಾಗೆ.
ಹೆಬ್ಬೆರಳು ತೋರುಬೆರಳು ಕೂಡಿಸಿದರೆ
ಅದೇ ಅವಳ ಬಳೆ, ಅದೇ ಅಳತೆ.
ಆ ಬಳೆಯಲ್ಲಿ ನುಸುಳಿದ ಚಿಪ್ಪನ್ನೆಲ್ಲ
ನಮ್ಮ ಕೈಯಿಂದ ಕಸಿದು,
"ಚಿಕ್ಕದು. ಮರಳಲಿ ಮರಳಿಗೆ."
ಇಲಾಖೆಯವರು ಕಬ್ಬಿಣದ ಅಳತೆ ತಂದ ವರ್ಷ
ಅವರದನ್ನು ಇಸಿದುಕೊಂಡು ಬೆರಳಿಗೆ ಹಿಡಿದು ನೋಡಿ,
"ಪರವಾಗಿಲ್ಲ, ನಿಮ್ಮದೂ ಸರಿಯಾಗಿದೆ" ಎಂದಳು.

ಕೊನೆಯ ಚಳಿಗಾಲ ಮುಖಗಳು ಕಲಸಿಹೋದವು.
ಮಗಳನ್ನು ಅಕ್ಕ ಎಂದಳು.
ಪಾದ್ರಿಯನ್ನು ಮೀನು ಹರಾಜಿನವನೆಂದು ತಿಳಿದು
ಈ ಸಲ ಕಿಲೋಗೆ ಎಷ್ಟು ಎಂದು ಜಗಳ ತೆಗೆದಳು.
ಪಾಪ, ಅವರೂ ಒಂದಿಷ್ಟು ಏರಿಸಿದರು.

ಒಂದು ಸಂಜೆ ನನ್ನ ಕೈ ಹಿಡಿದಳು.
ಯಾರು ಎಂದು ಕೇಳಲಿಲ್ಲ.
ನನ್ನ ಹೆಬ್ಬೆರಳನ್ನು ತನ್ನ ಬೆರಳ ಬಳೆಯೊಳಗೆ ತೂರಿಸಿ,
ಒಂದು ಸಲ ಅತ್ತ, ಒಂದು ಸಲ ಇತ್ತ,
ಐವತ್ತಮೂರು ವರ್ಷದ ನನ್ನನ್ನು ಅಳೆದು ನೋಡಿ
"ಚಿಕ್ಕದು" ಎಂದಳು.
ಉಳಿದ ಮಾತು ಬರಲಿಲ್ಲ.
ಬಳೆ ಮಾತ್ರ ಬಿಚ್ಚಿಕೊಂಡಿತು.

ಈಗ ಮನೆ ಗುಡಿಸಲು ಬಂದಿದ್ದೇವೆ.
ನನ್ನ ಮಗನ ಮಗ ಶೋಯೆಲ್ ಸ್ಟೂಲು ಹತ್ತಿ
ಗಡಿಯಾರಕ್ಕೆ ಕೀಲಿ ಕೊಡಲೇ ಎನ್ನುತ್ತಾನೆ.
ಬೇಡ, ಇಳಿ.
ಕಿಟಕಿಯಾಚೆ ಕೊಲ್ಲಿ ಹಿಂದೆ ಸರಿಯುತ್ತ
ಮರಳು ಬೆನ್ನು ತೋರಿಸುತ್ತಿದೆ.
ಬಾಗಿಲ ಹತ್ತಿರ ಅವಳ ಬೂಟು.
ನನಗೆ ಒಂದು ಬೆರಳು ಬಿಗಿ.
ಹಾಕಿಕೊಂಡೆ.